ವ್ಯಾಪಾರದ ಕನ್ನಡ ಮಾತನ್ನು ಇಂಗ್ಲಿಷ್ ಪತ್ರಕ್ಕೆ ಇಳಿಸುವುದು ಹೇಗೆ? ದಾವಣಗೆರೆ, ಚಿತ್ರದುರ್ಗದ ವರ್ತಕರಿಗೆ ಒಂದು ಮಾರ್ಗದರ್ಶಿ

"ಪಾರ್ಟಿ ಕೈ ಕೊಟ್ಟ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಹೇಗೆ ಬರೆಯೋದು?" ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ದಾವಣಗೆರೆ ಎಪಿಎಂಸಿ ಯಾರ್ಡಿನ ಕಮಿಷನ್ ಅಂಗಡಿಯ ಗುಮಾಸ್ತರಿದ್ದಾರೆ, ಚಳ್ಳಕೆರೆಯ ಎಣ್ಣೆ ಮಿಲ್ಲಿನ ಲೆಕ್ಕ ಬರೆಯುವವರಿದ್ದಾರೆ, ಮೊಳಕಾಲ್ಮೂರು ಸೀರೆಯನ್ನು ಹೊರರಾಜ್ಯಕ್ಕೆ ಕಳಿಸುವವರಿದ್ದಾರೆ, ಈಗಷ್ಟೇ ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿದ್ದಾರೆ. ಇವರಿಗೆಲ್ಲ ಇಂಗ್ಲಿಷ್ ವ್ಯಾಕರಣ ಸಾಕಷ್ಟು ಗೊತ್ತಿದೆ. ತೊಡಕಾಗುವುದು ಬೇರೆ ಕಡೆ. ಸಾಹುಕಾರರು ಬಾಯಲ್ಲಿ ಹೇಳುವ ಮಾತಿನ ತುಂಬಾ ಕೈ, ಹೊಟ್ಟೆ, ತಲೆ, ನಾಮ, ಟೋಪಿ ಇರುತ್ತವೆ. ಅದನ್ನು ಹಾಗೇ ಇಂಗ್ಲಿಷಿಗೆ ಎತ್ತಿಟ್ಟರೆ ಆ ಕಡೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಕೆಲವು ಸಲ ಉಲ್ಟಾ ತಿಳಿಯುತ್ತದೆ. ದುಡ್ಡಿನ ವಿಷಯದಲ್ಲಿ ಉಲ್ಟಾ ತಿಳಿಯೋದು ಸಣ್ಣ ಮಾತಲ್ಲ.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. 'ನುಡಿಗಟ್ಟು' ಎಂದರೆ ಪದದ ಅರ್ಥ ಬಿಟ್ಟು ಬೇರೆ ಅರ್ಥ ಕೊಡುವ ಮಾತು. 'ಕೈ ಎತ್ತಿದ' ಅಂದರೆ ಯಾರೂ ಕೈ ಎತ್ತಿರುವುದಿಲ್ಲ. 'ಕಸುಬಿನ ಮಾತು' ಎಂದರೆ ಒಂದು ವ್ಯಾಪಾರದವರ ನಡುವೆ ಖಚಿತ ಅರ್ಥವಿರುವ ಪದ. ಆವಕ, ಉದ್ರಿ, ದಲಾಲಿ ಇವೆಲ್ಲ ಅಂಥವು. ಎರಡನ್ನೂ ಒಂದೇ ರೀತಿ ಅನುವಾದ ಮಾಡಲು ಹೋಗಬೇಡಿ.

ಬೇಕಾಗಿರುವುದು ಇಷ್ಟೇ: ಒಂದು ನೋಟ್‌ಬುಕ್, ಅರ್ಥದ ಜೊತೆ ಉದಾಹರಣೆ ವಾಕ್ಯವನ್ನೂ ಕೊಡುವ ಒಂದು ಇಂಗ್ಲಿಷ್ ನಿಘಂಟು (ಫೋನಿನಲ್ಲಿರುವುದೂ ಆದೀತು), ನೀವು ಯಾರಿಗೆ ಬರೆಯುತ್ತಿದ್ದೀರೋ ಅವರಿಂದ ಬಂದ ಹಳೆಯ ಈಮೇಲ್‌ಗಳು. ಈ ಕೊನೆಯದನ್ನು ತುಂಬಾ ಜನ ಮರೆಯುತ್ತಾರೆ. ಕೊಳ್ಳುವವರು ತಾವೇ ಬಳಸುವ ಪದ ಆ ಈಮೇಲ್‌ಗಳಲ್ಲೇ ಸಿಗುತ್ತದೆ. ಅದಕ್ಕಿಂತ ನಂಬಿಕೆಯ ನಿಘಂಟು ಇನ್ನೊಂದಿಲ್ಲ.

1. ಹೇಳಿದ್ದನ್ನು ಹೇಳಿದ ಹಾಗೇ ಕನ್ನಡದಲ್ಲಿ ಬರೆದುಕೊಳ್ಳಿ

ಸಾಹುಕಾರರು ಹೇಳುತ್ತಿರುವಾಗಲೇ ತಲೆಯೊಳಗೆ ಇಂಗ್ಲಿಷ್ ಮಾಡಲು ಶುರು ಮಾಡಬೇಡಿ. ಅವರ ಮಾತು ಪೂರ್ತಿ ಕನ್ನಡದಲ್ಲೇ ಕಾಗದಕ್ಕೆ ಬರಲಿ, 'ಗಿಟ್ಟಲ್ಲ', 'ಬರ್ಬಾದ್ ಆಗ್ತೀವಿ' ಸಮೇತ. ಆಮೇಲೆ ನುಡಿಗಟ್ಟು ಇರುವ ಕಡೆ ಅಡಿಗೆರೆ ಹಾಕಿ. ಅಡಿಗೆರೆ ಬಿದ್ದ ಜಾಗದಲ್ಲಿ ಮಾತ್ರ ಯೋಚನೆ ಬೇಕು. ಉಳಿದ ವಾಕ್ಯ ಹೇಗೂ ಬಂದೇ ಬರುತ್ತದೆ.

2. ಆ ಮಾತು ಏನು ಕೆಲಸ ಮಾಡುತ್ತಿದೆ ಎಂದು ಕೇಳಿ

ಅಡಿಗೆರೆ ಹಾಕಿದ ಪ್ರತಿ ಮಾತಿಗೂ ಪಕ್ಕದಲ್ಲಿ ಸುಮ್ನೆ ಸಾದಾ ಕನ್ನಡದಲ್ಲಿ ಅರ್ಥ ಬರೆಯಿರಿ. 'ಪಾರ್ಟಿ ಕೈ ಕೊಟ್ಟ' ಎಂದಿದ್ದರೆ ನಿಜವಾಗಿ ಆಗಿದ್ದೇನು? ದುಡ್ಡು ಕೊಡಲಿಲ್ಲವೇ? ಆರ್ಡರ್ ಕ್ಯಾನ್ಸಲ್ ಮಾಡಿದರೇ? ಮಾಲು ಇಳಿಸಿಕೊಳ್ಳಲು ಒಪ್ಪಲಿಲ್ಲವೇ? ಕನ್ನಡದಲ್ಲಿ ಒಂದೇ ಮಾತು ಮೂರಕ್ಕೂ ನಡೆಯುತ್ತದೆ, ಏಕೆಂದರೆ ಕೇಳುವವನಿಗೆ ಹಿಂದಿನ ಕಥೆ ಗೊತ್ತಿರುತ್ತದೆ. ಪತ್ರ ಓದುವವರಿಗೆ ಆ ಕಥೆ ಗೊತ್ತಿಲ್ಲ. ಆದ್ದರಿಂದ ಮೂರಕ್ಕೂ ಬೇರೆ ಬೇರೆ ವಾಕ್ಯ ಬೇಕು: 'ದಿ ಬೈಯರ್ ಹ್ಯಾಸ್ ನಾಟ್ ಪೇಯ್ಡ್', 'ದಿ ಬೈಯರ್ ಕ್ಯಾನ್ಸಲ್ಡ್ ದಿ ಆರ್ಡರ್', 'ದಿ ಬೈಯರ್ ರೆಫ್ಯೂಸ್ಡ್ ಡೆಲಿವರಿ'.

ನನ್ನ ಪ್ರಕಾರ ಈ ಹಂತ ಸರಿಯಾಗಿ ಮಾಡಿದವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಯಾವ ಅರ್ಥ ಎಂದು ನಿಮಗೆ ಗೊತ್ತಾಗದಿದ್ದರೆ ಊಹೆ ಮಾಡಬೇಡಿ. ಸಾಹುಕಾರರನ್ನೇ ಕೇಳಿ: "ಅಣ್ಣಾ, ದುಡ್ಡು ನಿಂತಿರೋದಾ, ಆರ್ಡರೇ ಹೋಗಿರೋದಾ?"

3. ನುಡಿಗಟ್ಟನ್ನು ನಾಲ್ಕರಲ್ಲಿ ಒಂದು ಗುಂಪಿಗೆ ಸೇರಿಸಿ

ಮೊದಲ ಗುಂಪು ಸಲೀಸು. ಎರಡೂ ಭಾಷೆಯಲ್ಲಿ ಚಿತ್ರ ಒಂದೇ. 'ಮೊಳಕೆಯಲ್ಲೇ ಚಿವುಟು' ಎಂಬುದಕ್ಕೆ 'ನಿಪ್ ಇನ್ ದಿ ಬಡ್' ಇದೆ. 'ದುಡ್ಡು ನೀರಿನ ಹಾಗೆ ಖರ್ಚಾಯ್ತು' ಎಂಬುದಕ್ಕೆ 'ಸ್ಪೆಂಟ್ ಮನಿ ಲೈಕ್ ವಾಟರ್' ಇದೆ. 'ಕೈ ಸುಟ್ಟುಕೊಂಡೆವು' ಎಂಬುದೂ ಇದೆ, ಆದರೆ ಇಂಗ್ಲಿಷಿನಲ್ಲಿ ಸುಡುವುದು ಬೆರಳು: 'ವಿ ಬರ್ನ್ಟ್ ಅವರ್ ಫಿಂಗರ್ಸ್'. 'ಹ್ಯಾಂಡ್' ಎಂದು ಬರೆದರೆ ನಿಜವಾಗಿ ಸುಟ್ಟ ಗಾಯ ಅಂದುಕೊಳ್ಳುತ್ತಾರೆ.

ಎರಡನೆಯ ಗುಂಪಿನಲ್ಲಿ ಅರ್ಥ ಒಂದೇ, ಚಿತ್ರ ಬೇರೆ. 'ಗಾಳಿ ಬಂದಾಗ ತೂರಿಕೋ' ಅನ್ನುವುದು ನಮ್ಮ ಕಣದ ಮಾತು. ಇಂಗ್ಲಿಷಿನವರದು ಹುಲ್ಲು ಒಣಗಿಸುವ ಮಾತು, 'ಮೇಕ್ ಹೇ ವೈಲ್ ದಿ ಸನ್ ಶೈನ್ಸ್'. 'ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ' ಎಂಬಲ್ಲಿ 'ಎ ಡ್ರಾಪ್ ಇನ್ ದಿ ಓಷನ್'. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬಲ್ಲಿ 'ಕಟ್ ಯುವರ್ ಕೋಟ್ ಅಕಾರ್ಡಿಂಗ್ ಟು ಯುವರ್ ಕ್ಲಾತ್'. ಎಲ್ಲ ಭಾಷೆಯವರೂ ಹೀಗೆ ತಮ್ಮ ಹೊಲ, ತಮ್ಮ ತಿಂಗಳಿನಿಂದಲೇ ಮಾತು ಕಟ್ಟುತ್ತಾರೆ. ನಾವು 'ಅವರಿಗೆ ಈಗ ಸುಗ್ಗಿ' ಅಂದ ಹಾಗೆ ಸ್ಪ್ಯಾನಿಷ್‌ನವರು 'ಅಸೆರ್ ಸು ಅಗೋಸ್ತೊ' ಅನ್ನುತ್ತಾರೆ, ಅಂದರೆ 'ತನ್ನ ಆಗಸ್ಟ್ ಮಾಡಿಕೊಂಡ'. ಅಲ್ಲಿ ಆಗಸ್ಟ್ ಕೊಯ್ಲಿನ ಕಾಲ. ಅದನ್ನು ಇಂಗ್ಲಿಷಿಗೆ ತರುವವರಿಗೆ ಆಗಸ್ಟೂ ಉಪಯೋಗಕ್ಕೆ ಬರುವುದಿಲ್ಲ, ನಮಗೆ ಸುಗ್ಗಿಯೂ ಬರುವುದಿಲ್ಲ. ಮಾತುಕತೆಯಲ್ಲಿ 'ದೇ ಆರ್ ಮೇಕಿಂಗ್ ಎ ಕಿಲ್ಲಿಂಗ್' ಅನ್ನಬಹುದು. ಪತ್ರದಲ್ಲಾದರೆ 'ದೇ ಆರ್ ಹ್ಯಾವಿಂಗ್ ಆನ್ ಎಕ್ಸಲೆಂಟ್ ಸೀಸನ್' ಸಾಕು.

ಈ ಗುಂಪಿನಲ್ಲಿ ಒಂದು ಎಚ್ಚರಿಕೆ. ಇಂಗ್ಲಿಷ್ ಗಾದೆ ಸಿಕ್ಕಿತು ಎಂದು ಖುಷಿಯಿಂದ ಪತ್ರದ ತುಂಬಾ ತುಂಬಬೇಡಿ. ಶಾಲೆಯಲ್ಲಿ ಕಲಿತ ಗಾದೆಗಳಲ್ಲಿ ಹಲವನ್ನು ಇಂಗ್ಲಿಷಿನವರೇ ಇವತ್ತು ವ್ಯಾಪಾರದ ಪತ್ರದಲ್ಲಿ ಬರೆಯುವುದಿಲ್ಲ. 'ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ' ಎಂಬುದಕ್ಕೆ ಬಟ್ಟಲು, ತುಟಿಯ ಗಾದೆ ('ಮೆನಿ ಎ ಸ್ಲಿಪ್ ಬಿಟ್ವೀನ್ ದಿ ಕಪ್ ಅಂಡ್ ದಿ ಲಿಪ್') ಹುಡುಕುವ ಬದಲು 'ದಿ ಡೀಲ್ ಫೆಲ್ ಥ್ರೂ ಅಟ್ ದಿ ಲಾಸ್ಟ್ ಮಿನಿಟ್' ಎಂದು ಬರೆಯಿರಿ. ಒಂದು ಪತ್ರಕ್ಕೆ ಒಂದು ನುಡಿಗಟ್ಟು ಜಾಸ್ತಿಯೇ.

ಮೂರನೆಯ ಗುಂಪಿಗೆ ಇಂಗ್ಲಿಷಿನಲ್ಲಿ ಸಮನಾದ ಚಿತ್ರವೇ ಇಲ್ಲ. 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬ ಮಾತನ್ನು ಯಾರು ಹೇಗೆ ತಿರುಗಿಸಿದರೂ ಅದರ ರುಚಿ ಬರುವುದಿಲ್ಲ. ಬಿಟ್ಟುಬಿಡಿ. ವಿಷಯ ಬರೆಯಿರಿ: 'ವಿ ಸಪ್ಲೈಡ್ ಆನ್ ಕ್ರೆಡಿಟ್, ಅಂಡ್ ವಿ ಆರ್ ದಿ ಒನ್ಸ್ ಚೇಸಿಂಗ್ ದಿ ಪೇಮೆಂಟ್'. 'ಗಿಟ್ಟಲ್ಲ' ಎಂಬುದೂ ಇಲ್ಲಿಗೇ ಸೇರುತ್ತದೆ. ನಮ್ಮ ಕಡೆ ದಿನಕ್ಕೆ ಎಷ್ಟು ಸಲ ಬರುವ ಪದ ಅದು! ಅದಕ್ಕೆ 'ನಾಟ್ ವರ್ಕಿಂಗ್ ಔಟ್' ಎಂದು ಬರೆದರೆ ತೇಲಿಸಿದ ಹಾಗಾಗುತ್ತದೆ. 'ದಿಸ್ ಪ್ರೈಸ್ ಡಸ್ ನಾಟ್ ಕವರ್ ಅವರ್ ಕಾಸ್ಟ್ಸ್' ಎಂದರೆ ಯಾಕೆ ಗಿಟ್ಟಲ್ಲ ಎಂಬುದೂ ಬಂತು.

ನಾಲ್ಕನೆಯ ಗುಂಪು ಅಪಾಯದ್ದು. ಇಂಗ್ಲಿಷಿನಲ್ಲೂ ಅದೇ ಪದಗಳ ಮಾತು ಇರುತ್ತದೆ, ಅರ್ಥ ಮಾತ್ರ ಬೇರೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

4. 'ಕೈ' ಇರುವ ಕಡೆ ನಿಲ್ಲಿ

ನಮ್ಮ ವ್ಯಾಪಾರದ ಮಾತಿನಲ್ಲಿ ಕೈಯಷ್ಟು ದುಡಿಯುವ ಪದ ಇನ್ನೊಂದಿಲ್ಲ. ತಪ್ಪು ಅರ್ಥ ಹುಟ್ಟುವುದೂ ಅಲ್ಲೇ ಜಾಸ್ತಿ.

'ಕೈ ಕೊಟ್ಟ': ನಮಗೆ ಇದು ಮೋಸ, ಇಲ್ಲವೇ ಕೊನೇ ಗಳಿಗೆಯಲ್ಲಿ ಜಾರಿಕೊಂಡಿದ್ದು. ಇಂಗ್ಲಿಷಿನ 'ಗೇವ್ ಅಸ್ ಎ ಹ್ಯಾಂಡ್' ಅಂದರೆ ಸಹಾಯ ಮಾಡಿದ ಎಂದು. 'ಟ್ರಾನ್ಸ್‌ಪೋರ್ಟರ್ ಗೇವ್ ಅಸ್ ಹ್ಯಾಂಡ್, ಸೋ ಗೂಡ್ಸ್ ಆರ್ ಲೇಟ್' ಎಂದು ಓದಿದವರು ತಲೆ ಕೆರೆದುಕೊಳ್ಳುತ್ತಾರೆ, ಅಲ್ವಾ? ಸರಿಯಾದದ್ದು 'ದಿ ಟ್ರಾನ್ಸ್‌ಪೋರ್ಟರ್ ಲೆಟ್ ಅಸ್ ಡೌನ್'.

'ಕೈ ಎತ್ತಿದ': ಆಗಲ್ಲ ಎಂದು ಕೈಚೆಲ್ಲಿದ, ಅಥವಾ ದಿವಾಳಿಯಾದ. ಇಂಗ್ಲಿಷಿನಲ್ಲಿ 'ರೈಸ್ಡ್ ಹಿಸ್ ಹ್ಯಾಂಡ್' ಅಂದರೆ 'ನಾನು ಮಾಡುತ್ತೇನೆ' ಎಂದು ಮುಂದೆ ಬಂದ, ಇಲ್ಲವೇ ಪ್ರಶ್ನೆ ಕೇಳಲು ಕೈ ಎತ್ತಿದ. 'ಬ್ಯಾಕ್ಡ್ ಔಟ್' ಎಂದೋ 'ವೆಂಟ್ ಬ್ಯಾಂಕ್ರಪ್ಟ್' ಎಂದೋ ಬರೆಯಿರಿ. ಇವೆರಡರಲ್ಲಿ ಯಾವುದು ಎಂದು ಗಟ್ಟಿ ಮಾಡಿಕೊಳ್ಳದೆ ಬರೆಯಬೇಡಿ. ದಿವಾಳಿಯಾಗದವರನ್ನು ಕಾಗದದಲ್ಲಿ ದಿವಾಳಿ ಎಂದರೆ ಅವರ ಸಾಲ, ಉದ್ರಿ ಎಲ್ಲದಕ್ಕೂ ಪೆಟ್ಟು ಬೀಳುತ್ತದೆ.

'ಕೈ ಬಿಗಿ': ಸದ್ಯಕ್ಕೆ ದುಡ್ಡಿಲ್ಲ ಎಂಬ ಅರ್ಥಕ್ಕೂ ಜಿಪುಣ ಎಂಬ ಅರ್ಥಕ್ಕೂ ಕನ್ನಡದಲ್ಲಿ ನಡೆಯುತ್ತದೆ. ಇಂಗ್ಲಿಷಿನ 'ಟೈಟ್ ಫಿಸ್ಟೆಡ್' ಜಿಪುಣನಿಗೆ ಮಾತ್ರ. ನಿಮ್ಮ ಅಂಗಡಿಯ ಸ್ಥಿತಿ ಹೇಳಬೇಕಿದ್ದರೆ 'ಕ್ಯಾಶ್ ಈಸ್ ಟೈಟ್ ಅಟ್ ದಿ ಮೊಮೆಂಟ್'.

'ಕೈ ಹಿಡಿಯಿತು': 'ಈ ವರ್ಷ ಮೆಕ್ಕೆಜೋಳ ಕೈ ಹಿಡಿಯಿತು' ಎನ್ನುವುದಕ್ಕೆ 'ಮೇಜ್ ಸಾ ಅಸ್ ಥ್ರೂ ದಿಸ್ ಇಯರ್'. ಇಂಗ್ಲಿಷಿನ 'ಹ್ಯಾಂಡ್ ಹೋಲ್ಡಿಂಗ್' ಹೊಸಬರಿಗೆ ಹೆಜ್ಜೆ ಹೆಜ್ಜೆಗೂ ಹೇಳಿಕೊಡುವುದು.

'ಕೈಗಡ': ನಮ್ಮ ದೇಶದಲ್ಲಿ 'ಹ್ಯಾಂಡ್ ಲೋನ್' ಎಂದರೆ ಎಲ್ಲರಿಗೂ ಗೊತ್ತು. ಹೊರದೇಶದವರಿಗೆ ಬರೆಯುವಾಗ 'ಎ ಶಾರ್ಟ್ ಇನ್‌ಫಾರ್ಮಲ್ ಲೋನ್' ಎಂದು ಬಿಡಿಸಿ.

ಕೈ ಬಿಟ್ಟು ಬೇರೆ ಕಡೆಯೂ ಇಂಥ ಬಲೆಗಳಿವೆ. 'ಅವನ ಬಂಡವಾಳ ಬಯಲಾಯ್ತು' ಎಂಬುದರಲ್ಲಿ 'ಕ್ಯಾಪಿಟಲ್' ಇಲ್ಲವೇ ಇಲ್ಲ. ಅವನ ನಿಜ ಬಣ್ಣ ಗೊತ್ತಾಯಿತು ಎಂದಷ್ಟೇ, 'ವಿ ಸಾ ಹಿಸ್ ಟ್ರೂ ಕಲರ್ಸ್'. 'ರೇಟು ನೆಲ ಕಚ್ಚಿದೆ' ಎಂಬುದಕ್ಕೆ 'ಬೈಟ್ ದಿ ಡಸ್ಟ್' ಹತ್ತಿರ ಕಾಣುತ್ತದೆ, ಆದರೆ ಅದು ಸತ್ತವರಿಗೆ, ಸೋತವರಿಗೆ ಹೇಳುವುದು. ಬೆಲೆಗೆ 'ಪ್ರೈಸಸ್ ಹ್ಯಾವ್ ಫಾಲನ್ ಶಾರ್ಪ್ಲಿ'. ಇನ್ನೂ ಕೆಳಗೆ ಹೋಗುವುದೇ ಇಲ್ಲ ಎಂಬ ಖಾತ್ರಿ ಇದ್ದರೆ ಮಾತ್ರ 'ಹಿಟ್ ರಾಕ್ ಬಾಟಮ್'. 'ಬಾಗಿಲು ಹಾಕಿದರು' ಎಂಬುದಕ್ಕೆ 'ಕ್ಲೋಸ್ಡ್' ಎಂದರೆ ಇವತ್ತಿಗೆ ಅಂಗಡಿ ಮುಚ್ಚಿದೆ ಎಂದಾಗುತ್ತದೆ. ದಾವಣಗೆರೆಯ ಹಳೆಯ ಹತ್ತಿ ಮಿಲ್ಲುಗಳು ಬಾಗಿಲು ಹಾಕಿದ ಹಾಗೆ ಶಾಶ್ವತವಾಗಿ ಮುಚ್ಚಿದ್ದರೆ 'ಕ್ಲೋಸ್ಡ್ ಡೌನ್' ಬೇಕು. 'ಕಣ್ಣು ಮುಚ್ಚಿಕೊಂಡು ತಗೊಳ್ಳಿ' ಎಂಬ ಭರವಸೆಯ ಮಾತಿಗೂ ಇದೇ ಗತಿ. ಇಂಗ್ಲಿಷಿನಲ್ಲಿ ಕಣ್ಣು ಮುಚ್ಚಿಕೊಳ್ಳುವುದು ತಪ್ಪನ್ನು ಕಂಡೂ ಕಾಣದ ಹಾಗಿರುವುದಕ್ಕೆ ಹತ್ತಿರ. ಕೊಳ್ಳುವವರಿಗೆ ಅನುಮಾನ ಹುಟ್ಟಿದರೆ ಅವರ ತಪ್ಪಲ್ಲ.

5. ಕಸುಬಿನ ಮಾತಿಗೆ ಕಸುಬಿನ ಮಾತನ್ನೇ ಹುಡುಕಿ

ಇಲ್ಲಿ ಚಿತ್ರದ ಪ್ರಶ್ನೆಯಿಲ್ಲ, ಖಚಿತತೆಯ ಪ್ರಶ್ನೆ. 'ಆವಕ' ಎಂದರೆ ಯಾರ್ಡಿಗೆ ಬಂದ ಮಾಲಿನ ಪ್ರಮಾಣ. ಇಂಗ್ಲಿಷ್ ವ್ಯಾಪಾರದಲ್ಲೂ ಅದಕ್ಕೆ ಸರಿಯಾದ ಪದ ಇದೆ, 'ಅರೈವಲ್ಸ್'. 'ಉದ್ರಿ' ಎಂಬುದು 'ಕ್ರೆಡಿಟ್'. 'ಲೆಕ್ಕ ಚುಕ್ತಾ' ಎಂಬುದು 'ಅಕೌಂಟ್ ಸೆಟಲ್ಡ್ ಇನ್ ಫುಲ್'. 'ಮಾರ್ಕೆಟ್ ಮಲಗಿದೆ' ಎಂಬುದು 'ದಿ ಮಾರ್ಕೆಟ್ ಈಸ್ ಡಲ್'. 'ದಲಾಲಿ ಅಂಗಡಿ'ಯವರು 'ಕಮಿಷನ್ ಏಜೆಂಟ್'. ಅವರನ್ನು 'ಟ್ರೇಡರ್' ಎಂದು ಬರೆಯಬೇಡಿ. ಟ್ರೇಡರ್ ಮಾಲನ್ನು ತಾನೇ ಕೊಂಡು ಮಾರುವವನು. ಕಮಿಷನ್ ಏಜೆಂಟ್ ರೈತನ ಪರವಾಗಿ ಮಾರಿಸಿ ಕಮಿಷನ್ ತೆಗೆದುಕೊಳ್ಳುವವನು. ತಕರಾರು ಬಂದಾಗ ಈ ವ್ಯತ್ಯಾಸವೇ ಮುಖ್ಯವಾಗುತ್ತದೆ.

'ಪಾರ್ಟಿ' ಎಂಬ ಪದವನ್ನು ದಯವಿಟ್ಟು ಪತ್ರದಿಂದ ಹೊರಗಿಡಿ. ಇಂಗ್ಲಿಷ್ ಪದವೇ ಅಲ್ವಾ ಎಂದು ಎಲ್ಲರೂ ಧೈರ್ಯವಾಗಿ ಬರೆಯುತ್ತಾರೆ. ಕರಾರುಪತ್ರದ ಹೊರಗೆ ಅದು ಸಂತೋಷಕೂಟ, ಇಲ್ಲವೇ ರಾಜಕೀಯ ಪಕ್ಷ. 'ಬೈಯರ್', 'ಕಸ್ಟಮರ್', 'ಸಪ್ಲೈಯರ್' ಇವುಗಳಲ್ಲಿ ಯಾವುದು ಸರಿಯೋ ಅದನ್ನು ಬರೆಯಿರಿ.

ಬೆಳೆಯ ಹೆಸರಿನಲ್ಲೂ ಓದುವವರು ಯಾರು ಎಂದು ನೋಡಿ. ಮೆಕ್ಕೆಜೋಳ ನಮಗೆ 'ಮೇಜ್', ಅಮೆರಿಕದವರಿಗೆ 'ಕಾರ್ನ್'. ಶೇಂಗಾ ನಮಗೆ 'ಗ್ರೌಂಡ್‌ನಟ್', ಅವರಿಗೆ 'ಪೀನಟ್'. ಅಡಿಕೆಗೆ 'ಬೀಟಲ್ ನಟ್' ಎಂಬ ಹೆಸರು ಬಳಕೆಯಲ್ಲಿದ್ದರೂ ಬೀಟಲ್ ಎಂದರೆ ವೀಳ್ಯದೆಲೆ, ಆದ್ದರಿಂದ 'ಅರೆಕಾ ನಟ್' ಉತ್ತಮ. ಚನ್ನಗಿರಿ, ಭೀಮಸಮುದ್ರದ ಕಡೆ ಅಡಿಕೆಗೆ ಹೇಳುವ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ದರ್ಜೆಗಳನ್ನು ಅನುವಾದಿಸಲೇಬೇಡಿ. ಹೆಸರು ಹಾಗೇ ಇರಲಿ, ಮುಂದೆ 'ಗ್ರೇಡ್' ಎಂದು ಸೇರಿಸಿ. ರಾಶಿಯನ್ನು 'ಹೀಪ್' ಎಂದು ಬರೆದರೆ ಆ ಬೆಲೆ ಯಾವ ಅಡಿಕೆಯದು ಎಂದು ಯಾರಿಗೂ ಗೊತ್ತಾಗದು.

6. ಲೆಕ್ಕ, ದಿನ, ಭರವಸೆ

ಲಕ್ಷ, ಕೋಟಿ ಭಾರತದೊಳಗೆ ಸರಿ. ಹೊರಗಿನವರಿಗೆ 1,50,000 ಎಂಬ ಅಲ್ಪವಿರಾಮವೇ ಗೊಂದಲ. ಅವರಿಗೆ 150,000 ಎಂದು ಬರೆಯಿರಿ. ಕ್ವಿಂಟಾಲ್ ಬದಲು ಕೆ.ಜಿ. ಇಲ್ಲವೇ ಟನ್ ಬಳಸಿ. ನಮ್ಮ ಕ್ವಿಂಟಾಲ್ 100 ಕೆ.ಜಿ., ಹತ್ತು ಕ್ವಿಂಟಾಲಿಗೆ ಒಂದು ಟನ್.

'ನಾಳೆ ನಾಡಿದ್ದರಲ್ಲಿ', 'ಎರಡು ದಿನ ಬಿಟ್ಟು' ಎಂಬ ಮಾತುಗಳು ನಮ್ಮಲ್ಲಿ ಅಂದಾಜು. ಇಂಗ್ಲಿಷಿನಲ್ಲಿ 'ಇನ್ ಟೂ ಡೇಸ್' ಎಂದು ಬರೆದರೆ ಅದು ಎರಡೇ ದಿನ, ಮೂರನೇ ದಿನಕ್ಕೆ ಫೋನ್ ಬರುತ್ತದೆ. ತಾರೀಖು ಹಾಕಿ. ಹಾಗೇ 'ನೋಡೋಣ' ಎಂಬುದು ನಮ್ಮಲ್ಲಿ ಎಷ್ಟೋ ಸಲ ಮುಖ ಮುರಿಯದೆ 'ಇಲ್ಲ' ಎನ್ನುವ ರೀತಿ. 'ಲೆಟ್ ಅಸ್ ಸೀ' ಎಂದು ಬರೆದರೆ ಆ ಕಡೆಯವರು ಆಸೆ ಇಟ್ಟುಕೊಂಡು ಕಾಯುತ್ತಾರೆ. ಇಲ್ಲ ಎಂದಾದರೆ 'ವಿ ಆರ್ ಅನೇಬಲ್ ಟು ಅಕ್ಸೆಪ್ಟ್ ದಿಸ್ ಆಫರ್' ಎಂದುಬಿಡಿ. ಅದು ಮರ್ಯಾದೆಗೆ ಕಡಿಮೆಯಲ್ಲ.

7. ಸಿಟ್ಟಿನ ಮಾತು ಕಾಗದಕ್ಕೆ ಬರುವ ಮುಂಚೆ ತಡೆಯಿರಿ

'ಟೋಪಿ ಹಾಕಿದ', 'ಪಂಗನಾಮ ಎಳೆದ', 'ಮೂರು ನಾಮ ಹಾಕಿದ'. ಮೂರಕ್ಕೂ ನಿಘಂಟಿನಲ್ಲಿ ಸಿಗುವುದು 'ಚೀಟೆಡ್'. ಬಾಯಲ್ಲಿ ಆಡಿದ ಮಾತು ಅಂಗಡಿ ಕಟ್ಟೆಯ ಮೇಲೆ ಮುಗಿಯಬಹುದು. ಆದರೆ 'ಚೀಟಿಂಗ್' ಕಾನೂನಿನಲ್ಲಿ ಒಂದು ಅಪರಾಧದ ಹೆಸರು. ಹಿಂದೆ ಐಪಿಸಿ 420ರಲ್ಲಿ ಇದ್ದದ್ದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 318ನೇ ಕಲಮಿಗೆ ಬಂದಿದೆ. ಪುರಾವೆಯಿಲ್ಲದೆ ಈಮೇಲ್‌ನಲ್ಲಿ ಬರೆದು ನಾಲ್ಕು ಜನರಿಗೆ ಕಾಪಿ ಹಾಕಿದರೆ ಮಾನನಷ್ಟದ ಮೊಕದ್ದಮೆ ನಿಮ್ಮ ಮೇಲೇ ಬರಬಹುದು. 'ಅವನೊಬ್ಬ ಫೋರ್ ಟ್ವೆಂಟಿ' ಎಂಬ ಮಾತಂತೂ ಹೊರದೇಶಕ್ಕೆ ಬೇಡವೇ ಬೇಡ. ಅಮೆರಿಕದಲ್ಲಿ ಆ ಸಂಖ್ಯೆ ಗಾಂಜಾಕ್ಕೆ ಸಂಬಂಧಿಸಿದ್ದು.

ಬದಲಿಗೆ ಏನು ಬರೆಯಬೇಕು? ನಡೆದದ್ದನ್ನು. ಬಿಲ್ ನಂಬರ್, ತಾರೀಖು, ಮೊತ್ತ, ಎಷ್ಟು ಸಲ ನೆನಪಿಸಿದ್ದೀರಿ, ಯಾವತ್ತಿನೊಳಗೆ ಬೇಕು. 'ಹೊಟ್ಟೆ ಮೇಲೆ ಹೊಡಿಬೇಡಿ' ಎಂಬ ಅಳಲು ನಿಜವಾದದ್ದೇ, ಅದರಲ್ಲಿ ಸುಳ್ಳಿಲ್ಲ. ಆದರೆ ಇಂಗ್ಲಿಷ್ ಪತ್ರದಲ್ಲಿ ಬಾಕಿಯ ಮೊತ್ತ, ತಾರೀಖು ಅದಕ್ಕಿಂತ ಬಲವಾಗಿ ಮಾತಾಡುತ್ತವೆ. ಇನ್ನು 'ಕೈ ಬಿಸಿ ಮಾಡಬೇಕು' ಎಂಬ ಮಾತು ಯಾವ ಭಾಷೆಯಲ್ಲೂ ಪತ್ರಕ್ಕೆ ಬರಬಾರದು.

8. ಒಂದು ಪತ್ರವನ್ನು ಪೂರ್ತಿ ಮಾಡಿ ನೋಡೋಣ

ದಾವಣಗೆರೆಯ ವರ್ತಕರೊಬ್ಬರು ತಮಿಳುನಾಡಿನ ನಾಮಕ್ಕಲ್‌ನ ಕೋಳಿ ಆಹಾರದ ಕಂಪನಿಗೆ ಮೆಕ್ಕೆಜೋಳ ಕಳಿಸುತ್ತಾರೆ ಎಂದುಕೊಳ್ಳಿ. ಅವರು ಗುಮಾಸ್ತರಿಗೆ ಹೀಗೆ ಹೇಳುತ್ತಾರೆ:

"ಸಾರ್, ಲಾರಿಯವನು ಕೈ ಕೊಟ್ಟಿದ್ದಕ್ಕೆ ಮಾಲು ತಡ ಆಯ್ತು. ನಾಳೆ ನಾಡಿದ್ದರಲ್ಲಿ ಬರುತ್ತೆ. ಮಾಲಿನ ಬಗ್ಗೆ ಎರಡು ಮಾತಿಲ್ಲ, ಕಣ್ಣು ಮುಚ್ಚಿಕೊಂಡು ಇಳಿಸ್ಕೊಳ್ಳಿ. ಈ ಸಲ ಆವಕ ಜಾಸ್ತಿ, ರೇಟು ನೆಲ ಕಚ್ಚಿದೆ ನಿಜ. ಆದ್ರೂ ಮುಂದಿನ ಲೋಡಿಗೆ ನೀವು ಹೇಳಿದ ರೇಟು ನಮಗೆ ಗಿಟ್ಟಲ್ಲ. ಹಳೇ ಬಾಕಿ ಬೇರೆ ಹಾಗೇ ಕೂತಿದೆ, ನಮ್ಮ ಕೈಯೂ ಬಿಗಿ ಆಗಿದೆ."

ಇದರಲ್ಲಿ ನಾಲ್ಕು ವಿಷಯಗಳಿವೆ: ತಡ, ಗುಣಮಟ್ಟ, ಬೆಲೆ, ಬಾಕಿ. ಪ್ರತಿಯೊಂದಕ್ಕೂ ಒಂದು ಚಿಕ್ಕ ಪ್ಯಾರಾ ಕೊಡಿ.

ತಡಕ್ಕೆ: 'ಯುವರ್ ಕನ್‌ಸೈನ್‌ಮೆಂಟ್ ಈಸ್ ಲೇಟ್ ಬಿಕಾಸ್ ದಿ ಟ್ರಾನ್ಸ್‌ಪೋರ್ಟರ್ ಲೆಟ್ ಅಸ್ ಡೌನ್. ಇಟ್ ವಿಲ್ ರೀಚ್ ಯು ಬೈ', ಮುಂದೆ ತಾರೀಖು. 'ಕನ್‌ಸೈನ್‌ಮೆಂಟ್' ಎಂದರೆ ಒಂದು ಸಲಕ್ಕೆ ಕಳಿಸಿದ ಮಾಲು. 'ಮಾಲು' ಎಂಬಲ್ಲಿ 'ಮೆಟೀರಿಯಲ್' ಎಂದು ಬರೆಯುವ ಅಭ್ಯಾಸ ನಮ್ಮಲ್ಲಿದೆ, ಇದು ಅದಕ್ಕಿಂತ ಸ್ಪಷ್ಟ.

ಗುಣಮಟ್ಟಕ್ಕೆ: ಕಣ್ಣು ಮುಚ್ಚುವ ಮಾತಿನ ಜಾಗದಲ್ಲಿ ಅಳತೆ ಬರಲಿ. ಮೆಕ್ಕೆಜೋಳ ಕೊಳ್ಳುವವರು ಮೊದಲು ಕೇಳುವುದೇ ತೇವಾಂಶ, ಮಾಯಿಶ್ಚರ್. ಶೇಕಡಾ 14ರ ಒಳಗಿದ್ದರೆ, ಮತ್ತು ನೀವು ಮೀಟರಿನಲ್ಲಿ ನೋಡಿದ್ದರೆ, 'ಮಾಯಿಶ್ಚರ್ ಈಸ್ ಬಿಲೋ 14 ಪರ್ಸೆಂಟ್. ಯು ಆರ್ ವೆಲ್‌ಕಮ್ ಟು ಟೆಸ್ಟ್ ಎ ಸ್ಯಾಂಪಲ್ ಬಿಫೋರ್ ಅನ್‌ಲೋಡಿಂಗ್' ಎಂದು ಬರೆಯಿರಿ. ಸಾಹುಕಾರರ ಮಾತಿನ ಭರವಸೆ ಪೂರ್ತಿ ಉಳಿಯಿತು, ಕೊಳ್ಳುವವರ ಕಣ್ಣು ತೆರೆದೇ ಇದೆ.

ಬೆಲೆಗೆ: 'ಅರೈವಲ್ಸ್ ಹ್ಯಾವ್ ಬೀನ್ ಹೆವಿ ಅಂಡ್ ಪ್ರೈಸಸ್ ಹ್ಯಾವ್ ಫಾಲನ್ ಶಾರ್ಪ್ಲಿ. ಈವನ್ ಸೋ, ದಿ ರೇಟ್ ಯು ಆಫರ್ಡ್ ಫಾರ್ ದಿ ನೆಕ್ಸ್ಟ್ ಲೋಡ್ ಡಸ್ ನಾಟ್ ಕವರ್ ಅವರ್ ಕಾಸ್ಟ್ಸ್.' ನಿಮ್ಮ ರೇಟು ಎಷ್ಟು ಎಂಬುದನ್ನೂ ಅದರ ಮುಂದೆಯೇ ಬರೆಯಿರಿ. ಇಲ್ಲದಿದ್ದರೆ ಅದಕ್ಕೆಂದೇ ಇನ್ನೊಂದು ಈಮೇಲ್ ಓಡಾಡಬೇಕು.

ಬಾಕಿಗೆ: 'ದಿ ಫಾಲೋಯಿಂಗ್ ಇನ್‌ವಾಯ್ಸ್ ಈಸ್ ಸ್ಟಿಲ್ ಅನ್‌ಪೇಯ್ಡ್', ನಂಬರ್, ಮೊತ್ತ, ತಾರೀಖು. 'ಕೈ ಬಿಗಿ'ಯನ್ನು ನಾನಾದರೆ ಬಿಟ್ಟೇಬಿಡುತ್ತೇನೆ. ನಮ್ಮ ಹತ್ತಿರ ದುಡ್ಡಿಲ್ಲ ಎಂದು ಕೊಳ್ಳುವವರಿಗೆ ಗೊತ್ತಾದರೆ ರೇಟನ್ನು ಇನ್ನೂ ಎಳೆಯುತ್ತಾರೆ. ಏನು ಬಿಡಬೇಕು ಎಂದು ತೀರ್ಮಾನಿಸುವುದೂ ಅನುವಾದದ ಕೆಲಸವೇ. ಆದರೆ ಬಿಡುವ ಮುಂಚೆ ಸಾಹುಕಾರರಿಗೆ ಹೇಳಿ ಬಿಡಿ.

9. ಕಳಿಸುವ ಮುಂಚೆ ತಿರುಗಿಸಿ ಓದಿ

ಇಂಗ್ಲಿಷ್ ಪತ್ರ ಬರೆದಾದ ಮೇಲೆ ಕನ್ನಡದ ಕಾಗದ ಮುಚ್ಚಿಡಿ. ಇಂಗ್ಲಿಷಿನಲ್ಲಿ ಇರುವುದನ್ನು ಮಾತ್ರ ನೋಡಿಕೊಂಡು ಸಾಹುಕಾರರಿಗೆ ಕನ್ನಡದಲ್ಲಿ ಹೇಳಿ. "ಹೂಂ, ನಾನು ಹೇಳಿದ್ದು ಇದೇ" ಎಂದರೆ ಕಳಿಸಿ. "ಅಷ್ಟು ಖಡಕ್ಕಾಗಿ ಹೇಳಿರ್ಲಿಲ್ಲಪ್ಪ" ಎಂದರೆ ಎಲ್ಲಿ ಗಟ್ಟಿಯಾಯಿತು ಎಂದು ಹುಡುಕಿ.

ಫೋನಿನ ಅನುವಾದದ ಆ್ಯಪ್ ಬಳಸುವವರು ಅಡಿಗೆರೆ ಹಾಕಿದ ಮಾತುಗಳನ್ನು ಅದಕ್ಕೆ ನೇರವಾಗಿ ಕೊಡಬೇಡಿ. ಎರಡನೇ ಹಂತದಲ್ಲಿ ಬರೆದುಕೊಂಡ ಸಾದಾ ಕನ್ನಡವನ್ನು ಕೊಡಿ. 'ಲಾರಿಯವನು ಕೈ ಕೊಟ್ಟ' ಎಂಬುದಕ್ಕಿಂತ 'ಲಾರಿಯವನು ಬರುತ್ತೇನೆಂದು ಹೇಳಿ ಬರಲಿಲ್ಲ' ಎಂಬುದಕ್ಕೆ ಸರಿಯಾದ ಇಂಗ್ಲಿಷ್ ಬರುವ ಸಾಧ್ಯತೆ ಜಾಸ್ತಿ. ಬಂದದ್ದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ.

ನೋಟ್‌ಬುಕ್ಕಿನಲ್ಲಿ ಪುಟಕ್ಕೆ ಮೂರು ಕಾಲಂ ಎಳೆಯಿರಿ: ಕನ್ನಡದ ಮಾತು, ಸಾದಾ ಅರ್ಥ, ಕಳಿಸಿದ ಇಂಗ್ಲಿಷ್. ಅಂಗಡಿಗೆ ಹೊಸಬರು ಬಂದಾಗ ಅವರ ಕೈಗೂ ಅದೇ ಪುಸ್ತಕ ಕೊಡಿ. ಕರಾರುಪತ್ರ, ಲೀಗಲ್ ನೋಟಿಸ್, ಚೆಕ್ ಬೌನ್ಸ್ ಆದ ಪತ್ರವ್ಯವಹಾರ ಇವಕ್ಕೆ ಮಾತ್ರ ಈ ಪುಸ್ತಕ ನೆಚ್ಚಿಕೊಳ್ಳಬೇಡಿ, ವಕೀಲರಿಂದಲೇ ಬರೆಸಿ. ಅಲ್ಲಿ ಒಂದೊಂದು ಪದಕ್ಕೂ, ಪತ್ರ ಕಳಿಸಿದ ದಿನಕ್ಕೂ ಲೆಕ್ಕವಿರುತ್ತದೆ.